ಲಿಫ್ಟ್ ಭಾವನ ಸರದಿ

ನಮ್ಮ ಭಾವನ ಬಾಯಲ್ಲಿ ‘ಗೊತ್ತಿಲ್ಲ’ ಎನ್ನುವ ಮಾತು ಬರುವುದೇ ಇಲ್ಲ. ದಾರಿಯಲ್ಲಿ ಯಾರೋ ವಿಳಾಸ ಕೇಳಲಿ, ಅಕ್ಕ ಕಿಟಕಿ ಪರದೆಗೆ ಎಷ್ಟು ಬಟ್ಟೆ ಬೇಕೆಂದು ಕೇಳಲಿ, ಭಾವ ಕ್ಷಣವೂ ತಡಮಾಡದೆ ಉತ್ತರ ಕೊಟ್ಟುಬಿಡುತ್ತಾರೆ. ಅದು ತಪ್ಪೆಂದು ತಿಳಿಯುವ ಹೊತ್ತಿಗೆ ವಿಳಾಸ ಕೇಳಿದವನು ಊರಿನ ಇನ್ನೊಂದು ತುದಿ ಸೇರಿರುತ್ತಾನೆ, ಪರದೆ ಕಿಟಕಿಯ ಅರ್ಧಕ್ಕೇ ಮುಗಿದಿರುತ್ತದೆ. ಆ ಮೋಟು ಪರದೆಯನ್ನು ಅಕ್ಕ ಇವತ್ತಿಗೂ ಬದಲಾಯಿಸಿಲ್ಲ. ಮನೆಗೆ ಬಂದವರಿಗೆಲ್ಲ ತೋರಿಸಲು ಬೇಕಲ್ಲ!

ಇದು ಕಸುಬಿನಿಂದ ಅಂಟಿದ ಚಾಳಿ ಎಂಬುದು ನನ್ನ ವಾದ. ಭಾವ ಲಿಫ್ಟ್ ಮೆಕ್ಯಾನಿಕ್. ಎರಡು ಅಂತಸ್ತಿನ ನಡುವೆ ಲಿಫ್ಟ್ ಸಿಕ್ಕಿಕೊಂಡು, ಒಳಗಿನವರು ಬಾಗಿಲು ಬಡಿಯುತ್ತಿರುವಾಗ ಹೊರಗಿರುವ ಮೆಕ್ಯಾನಿಕ್ ‘ಏನಾಗಿದೆಯೋ ಗೊತ್ತಿಲ್ಲ’ ಎಂದರೆ ಒಳಗಿನವರ ಗತಿ ಏನು? ಹಾಗಾಗಿ ಭಾವ ಮೊದಲು ಬಾಗಿಲಿನ ಸಂದಿಗೆ ಬಾಯಿಟ್ಟು “ಏನೂ ಇಲ್ಲ, ಎರಡೇ ನಿಮಿಷ!” ಎಂದು ಕೂಗುತ್ತಾರೆ. ಏನಾಗಿದೆಯೆಂದು ಹುಡುಕಲು ಹೊರಡುವುದು ಆಮೇಲೆ. ಅವರ ಆ ದನಿ ಕೇಳಿಯೇ ಒಳಗಿದ್ದವರು ಅಳು ನಿಲ್ಲಿಸಿದ್ದನ್ನು ನಾನೇ ನೋಡಿದ್ದೇನೆ.

ನಾನು ಅವರ ನಾದಿನಿ, ಹೆಂಡತಿಯ ತಂಗಿ. ನನ್ನದು ಕನ್ನಡಕದ ಅಂಗಡಿ. ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸುವುದು ನನ್ನ ದಿನನಿತ್ಯದ ಕೆಲಸ. ಕಾಣದ ಸಾಲು ಬಂದಾಗ ಕೆಲವರು ಸುಮ್ಮನಾಗುತ್ತಾರೆ, ಕೆಲವರು ಇನ್ನೂ ಗಟ್ಟಿಯಾಗಿ ಓದುತ್ತಾರೆ. ಭಾವ ಎರಡನೆಯ ಜಾತಿ. ಒಂದು ದಿನ ಹಿಡಿದು ಕೂರಿಸಿ ಅವರ ಕಣ್ಣು ಪರೀಕ್ಷೆ ಮಾಡಿದೆ. ಕಣ್ಣು ಹದ್ದಿನ ಹಾಗಿತ್ತು. ತೊಂದರೆ ಇದ್ದದ್ದು ಆತುರದಲ್ಲಿ, ಅದಕ್ಕೆ ನನ್ನ ಅಂಗಡಿಯಲ್ಲಿ ಮಸೂರ ಇರಲಿಲ್ಲ.

ಇಂಥ ಮನುಷ್ಯ ಹಕ್ಕಿ ಗುರುತಿಸುವ ಆಟಕ್ಕೆ ಸೇರಿದರೆ ಏನಾಗಬೇಕೋ ಅದೇ ಆಯಿತು.

ಆಟ ಶುರುವಾದದ್ದು ನಮ್ಮ ಬೀದಿಯ ಬೇಕರಿಯಲ್ಲಿ. ಬೇಕರಿ ನಡೆಸುವಾಕೆಯನ್ನು ನಾವೆಲ್ಲ ಬೇಕರಿಯಕ್ಕ ಎನ್ನುತ್ತೇವೆ. ಒಲೆಯ ಹೊಗೆಗೂಡಿನ ಮೇಲೆ ಕೂತ ಹಕ್ಕಿಯ ಫೋಟೋ ತೆಗೆಯಲು ಹೋಗಿ ಆಕೆಗೆ ಸಿಕ್ಕಿದ್ದು ಒಂದು ಬಾಲ ಮತ್ತು ತನ್ನದೇ ಹೆಬ್ಬೆರಳು. ಅಳಿಸುವ ಬದಲು ‘ಯಾರಿದು?’ ಎಂದು ಕೇಳಿ ನಮಗೆಲ್ಲ ಫೋನಿಗೆ ಕಳಿಸಿದರು. ಹೆಬ್ಬೆರಳು ಯಾರದೆಂದು ಎಲ್ಲರಿಗೂ ಗೊತ್ತಾಯಿತು, ಬಾಲ ಯಾರದೆಂದು ಜಗಳ ಹತ್ತಿಕೊಂಡಿತು. ಅಂದಿನಿಂದ ಫೋನಿನಲ್ಲಿ ‘ಯಾರಿದು?’ ಎಂಬ ಗುಂಪು ಹುಟ್ಟಿ, ಹಕ್ಕಿಗಳ ಮುಖ ಕಾಣದ ಕೆಟ್ಟ ಫೋಟೋಗಳಿಗೆ ಒಂದು ಮರ್ಯಾದೆ ಬಂತು. ಎಲೆಯ ಹಿಂದಿನ ಕಾಲು, ಸೂರ್ಯನಿಗೆ ಅಡ್ಡ ಬಂದ ಕರಿ ಚುಕ್ಕೆ, ಚೌಕಟ್ಟಿನಿಂದ ಓಡಿಹೋಗುತ್ತಿರುವ ಬೆನ್ನು, ಎಲ್ಲಕ್ಕೂ ಬೇಡಿಕೆ. ಒಬ್ಬರಿಗೆ ಒಂದೇ ಊಹೆ, ಊಹೆಯ ಜೊತೆಗೆ ಕಾರಣ ಹೇಳಬೇಕು. ಮೊದಲು ಸರಿ ಹೇಳಿದವರಿಗೆ ಮುಂದಿನ ಫೋಟೋ ಹಾಕುವ ಸರದಿ. ಗೆಲ್ಲದವರು ಫೋಟೋ ಹಾಕುವ ಹಾಗಿಲ್ಲ. ಈ ಕೊನೆಯ ನಿಯಮ ಭೂಗೋಳದ ಮೇಷ್ಟ್ರದು. ನಿವೃತ್ತರಾದ ಮೇಲೆ ಅವರಿಗೆ ನಿಯಮ ಮಾಡಲು ಬೇರೆ ಜಾಗ ಉಳಿದಿರಲಿಲ್ಲ.

ಗುಂಪಿನಲ್ಲಿ ನಾನು ‘ಭಾವ’ ಎಂದು ಬರೆಯುತ್ತಿದ್ದದ್ದೇ ನೆಪವಾಗಿ ಎಲ್ಲರೂ ಅವರನ್ನು ಲಿಫ್ಟ್ ಭಾವ ಎಂದೇ ಕರೆಯತೊಡಗಿದರು. ಅವರಿಗಿಂತ ಎಷ್ಟೋ ದೊಡ್ಡವರಾದ ಮೇಷ್ಟ್ರೂ “ಏನಂತೀರಿ ಭಾವ?” ಎನ್ನುತ್ತಾರೆ. ನಾನು ಗುಂಪಿನಲ್ಲಿ ಬರೀ ‘ಕನ್ನಡಕ’.

ಭಾವ ಒಮ್ಮೆಯೂ ಗೆದ್ದಿರಲಿಲ್ಲ. ಅರ್ಧ ತಪ್ಪು ಲಿಫ್ಟಿನದು. ಲಿಫ್ಟ್ ಏರಿಳಿಯುವ ಬಾವಿಯೊಳಗೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಗ್ರೀಸ್ ಮೆತ್ತಿದ ಕೈ ಒರೆಸಿಕೊಂಡು ಅವರು ಮೇಲೆ ಬರುವಷ್ಟರಲ್ಲಿ ಯಾರೋ ಗೆದ್ದು, ಅಭಿನಂದನೆಗಳೂ ಮುಗಿದಿರುತ್ತಿದ್ದವು. ಇನ್ನರ್ಧ ತಪ್ಪು ಪೂರ್ತಿಯಾಗಿ ಅವರದೇ. ಫೋಟೋದಲ್ಲಿ ಯಾವ ಹಕ್ಕಿ ಇದೆಯೆಂದು ನೋಡುವ ಬದಲು ಯಾವ ಹಕ್ಕಿ ಇದ್ದರೆ ಚೆನ್ನ ಎಂದು ಯೋಚಿಸಿ ಅದನ್ನೇ ಬರೆಯುತ್ತಿದ್ದರು. ನೀಲಿ ಕಂಡರೆ ಮಿಂಚುಳ್ಳಿ, ಬಿಳಿ ಕಂಡರೆ ಕೊಕ್ಕರೆ. ಒಮ್ಮೆ ಮೇಷ್ಟ್ರು ಬೇಕೆಂದೇ ಮರಕ್ಕೆ ಸಿಕ್ಕಿದ ಪ್ಲಾಸ್ಟಿಕ್ ಚೀಲದ ಚಿತ್ರ ಹಾಕಿದಾಗ ಭಾವ ಕೊಕ್ಕರೆ ಎಂದು ಬರೆದು, ‘ಗಂಡು’ ಎಂದೂ ಸೇರಿಸಿದ್ದರು.

ನಕ್ಕು ನಕ್ಕು ಹೊಟ್ಟೆ ಹುಣ್ಣಾದರೂ ನನಗೆ ಒಂದು ವಿಷಯ ಗೊತ್ತಿತ್ತು. ಭಾವನ ಫೋನಿನಲ್ಲಿ ಒಂದು ಫೋಟೋ ಇತ್ತು. ಅದನ್ನು ಗುಂಪಿಗೆ ಹಾಕಬೇಕೆಂದು ಅವರು ಜೀವ ಬಿಡುತ್ತಿದ್ದರು. ಹಾಕಲು ಗೆಲ್ಲಬೇಕು. ಅಕ್ಕನಿಗೂ ತೋರಿಸಿರಲಿಲ್ಲ, ನನಗೂ ತೋರಿಸಿರಲಿಲ್ಲ. ಒಂದು ದಿನ ನಾನು ಸರಿಯುತ್ತರವನ್ನು ಅವರ ಕಿವಿಯಲ್ಲಿ ಉಸುರಲು ಹೋದೆ. ಎರಡೂ ಕಿವಿ ಮುಚ್ಚಿಕೊಂಡರು.

“ಬೇಡ ಕಣೇ. ಹಾಗೆ ಗೆದ್ದು ಹಾಕಿದ್ರೆ ಅದು ಹಾಕಿದ ಹಾಗೇ ಅಲ್ಲ.”

“ಹಾಗಾದ್ರೆ ಇನ್ನೂ ಹತ್ತು ವರ್ಷ ಕಾಯಿರಿ.”

“ಹತ್ತು ವರ್ಷ ಎಲ್ಲಿದೆ? ಈ ತಿಂಗಳು ಮುಗಿದ್ರೆ ಮುಗೀತು.” ಭಾವನ ಮುಖ ಸಪ್ಪಗಾಯಿತು. ಫೋಟೋ ತೆಗೆದದ್ದು ಪೇಟೆ ನಡುವಿನ ಹಳೆಯ ಎತ್ತರದ ಕಚೇರಿ ಕಟ್ಟಡದ ತುದಿಯಲ್ಲಿ. ಅಲ್ಲಿ, ತಾರಸಿಯ ಮೇಲೆ ಲಿಫ್ಟಿನ ಮೋಟಾರು ಇಡುವ ಕೋಣೆಯಿದೆ. ಈಗ ಆ ಹಳೆಯ ಲಿಫ್ಟನ್ನು ಕಿತ್ತು ಹೊಸದು ಹಾಕುತ್ತಾರೆ. ಹೊಸ ಲಿಫ್ಟಿಗೆ ಮೇಲೆ ಕೋಣೆಯೇ ಬೇಡವಂತೆ, ಎಲ್ಲವೂ ಬಾವಿಯೊಳಗೇ ಅಡಗಿರುತ್ತದಂತೆ. ಕೋಣೆ ಒಡೆದ ಮೇಲೆ ಭಾವನಿಗೆ ಅಲ್ಲಿ ಕಾಲಿಡುವ ಕಾರಣ ಇರುವುದಿಲ್ಲ.

“ಅದಕ್ಕೂ ಫೋಟೋಗೂ ಏನು ಸಂಬಂಧ?” ಎಂದೆ.

“ಇದೆ. ಗೆದ್ದ ಮೇಲೆ ಹೇಳ್ತೀನಿ” ಎಂದು ಎದ್ದು ಹೋದರು.

ಆಮೇಲಿನ ಭಾನುವಾರ. ನನ್ನ ಅಂಗಡಿಯ ಷಟರ್ ಅರ್ಧಕ್ಕೆ ಬಂದು ಕಚ್ಚಿಕೊಂಡಿತ್ತು. ಭಾವ ಏಣಿ ಹತ್ತಿ ಎಣ್ಣೆ ಬಿಡುತ್ತಿದ್ದರು. ಆಗ ಇಬ್ಬರ ಫೋನೂ ಒಟ್ಟಿಗೆ ಕೂಗಿದವು. ಮೇಷ್ಟ್ರ ಸರದಿ. ಫೋಟೋ ತೆರೆದೆ. ನೀರಿನ ತೊಟ್ಟಿಯ ಅಂಚು, ಅಂಚಿನಿಂದ ಹೊರಗೆ ಚಾಚಿದ ಒಂದು ಬಾಲ. ಕಪ್ಪು ಬಿಳುಪು, ಅದೂ ಮಸುಕು. ಅಷ್ಟೇ. ಹಕ್ಕಿಯ ಮಿಕ್ಕದ್ದೆಲ್ಲ ತೊಟ್ಟಿಯ ಆಚೆ.

ಬೇಕರಿಯಕ್ಕ ಆಗಲೇ ‘ಮಡಿವಾಳ ಹಕ್ಕಿ! ಕಪ್ಪು ಬಿಳುಪು!’ ಎಂದು ಬರೆದಾಗಿತ್ತು. ನಾನೂ ಹಿಂದೆಮುಂದೆ ನೋಡದೆ ಮಡಿವಾಳವೆಂದೇ ಬರೆದೆ. ಬೀದಿಯ ಇನ್ನಿಬ್ಬರೂ ಅದನ್ನೇ ಬರೆದರು. ಮೇಷ್ಟ್ರು ಒಂದೊಂದಕ್ಕೂ ಕೆಂಪು ಗುರುತು ಹಾಕುತ್ತಾ ಹೋದರು. ಭಾವ ಏಣಿಯ ಮೇಲೇ ಕೂತು, ಎಣ್ಣೆಯ ಬೆರಳಿನಿಂದ ಏನನ್ನೋ ಒತ್ತಲು ಹೊರಟರು. ನನಗೆ ತಡೆಯಲಾಗಲಿಲ್ಲ.

“ಭಾವ! ಒಂದು ಸಲ, ಒಂದೇ ಒಂದು ಸಲ, ಬರೆಯೋ ಮುಂಚೆ ನೋಡಿ. ನಿಮ್ಮ ಕಾಲಿಗೆ ಬೀಳ್ತೀನಿ.”

ಯಾವ ದೇವರು ಒಳ್ಳೆಯ ಬುದ್ಧಿ ಕೊಟ್ಟನೋ, ಬೆರಳು ನಿಂತಿತು. ಫೋಟೋವನ್ನು ದೊಡ್ಡದು ಮಾಡಿದರು, ಚಿಕ್ಕದು ಮಾಡಿದರು, ಕತ್ತು ಓರೆ ಮಾಡಿದರು. ಆಮೇಲೆ ಮೆಲ್ಲಗೆ, ತಮಗೆ ತಾವೇ ಎನ್ನುವ ಹಾಗೆ ಮಾತಾಡಿದರು.

“ತೊಟ್ಟಿ ಅಂಚು ಸ್ಪಷ್ಟವಾಗಿದೆ. ನೀರಿನ ಹನಿ ಸ್ಪಷ್ಟವಾಗಿದೆ. ಅಂದ್ರೆ ಮೇಷ್ಟ್ರ ಕೈ ಅಲ್ಲಾಡಿಲ್ಲ. ಬಾಲ ಮಾತ್ರ ಅಲ್ಲಾಡಿದೆ. ಅದೂ ಮೇಲೆ ಕೆಳಗೆ. ಮೋಟಾರು ನಿಂತಿರುವಾಗ ಒಂದು ಬೋಲ್ಟ್ ಮಾತ್ರ ಅದುರಿದ್ರೆ ನಾನು ಬಿಡ್ತೀನಾ?” ಅವರ ಕಣ್ಣು ಅರಳಿತು. ತಕ್ಷಣ ಮುಖ ಕೆಂಪಾಯಿತು. “ಅಯ್ಯೋ, ಆದ್ರೆ ಆ ಹೆಸರು ಬರೆಯೋದು ಹೇಗೆ? ಹೆಂಗಸರಿದ್ದಾರೆ, ಮೇಷ್ಟ್ರಿದ್ದಾರೆ.”

ನನಗೂ ಆಗ ಹೊಳೆಯಿತು. ನೀರಿನ ಬಳಿ ಓಡಾಡುತ್ತಾ ಬಿಡುವಿಲ್ಲದೆ ಹಿಂಭಾಗ ಕುಣಿಸುವ ಆ ಪುಟ್ಟ ಹಕ್ಕಿಗೆ ನಮ್ಮ ಹಿರಿಯರು ಇಟ್ಟ ಹೆಸರು ಕುಂಡೆಕುಸ್ಕ. ಹಿರಿಯರಿಗೆ ಯಾವ ಸಂಕೋಚವೂ ಇರಲಿಲ್ಲ.

“ಬರೀರಿ ಭಾವ!” ಎಂದು ನಾನು ಏಣಿಯನ್ನೇ ಅಲ್ಲಾಡಿಸಿದೆ. “ಈಗ ನಾಚಿಕೊಂಡ್ರೆ ಜನ್ಮದಲ್ಲಿ ಗೆಲ್ಲಲ್ಲ! ಬರೀರಿ!”

ಬರೆದರು. ‘ಕ್ಷಮಿಸಿ, ಕುಂಡೆಕುಸ್ಕ’ ಎಂದು. ಕೆಳಗೆ ಕಾರಣವನ್ನೂ ಬರೆದರು. ಆಮೇಲೆ ಮೇಷ್ಟ್ರಿಂದ ಹಸಿರು ಗುರುತು ಬಂತು. ಅದರ ಹಿಂದೆಯೇ ‘ಕ್ಷಮಿಸಲು ಏನಿದೆ ಭಾವ, ಹೆಸರೇ ಅದು!’ ಎಂಬ ಮಾತೂ ಬಂತು.

ಭಾವ ಏಣಿಯಿಂದ ಇಳಿದದ್ದು ನನಗೆ ಕಾಣಲೇ ಇಲ್ಲ. ಕಂಡಾಗ ಅಂಗಡಿಯ ನಡುವೆ ನಿಂತು ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದರು. ಕನ್ನಡಕ ಕೊಳ್ಳಲು ಬಂದಿದ್ದ ಮುದುಕರೊಬ್ಬರು ಏನು ಎತ್ತ ಎಂದು ತಿಳಿಯದಿದ್ದರೂ ಚಪ್ಪಾಳೆ ತಟ್ಟಿದರು. ನನ್ನ ಕಣ್ಣಲ್ಲಿ ನೀರು ಬಂತು. ಅಕ್ಕನಿಗೆ ಫೋನ್ ಮಾಡಿದರೆ, “ಗೆದ್ರಾ? ನಮ್ಮನೆಯವರಾ? ಸರಿಯಾಗಿ ನೋಡೇ, ಬೇರೆ ಯಾರೋ ಇರಬೇಕು” ಎಂದಳು.

ಇನ್ನು ಸರದಿ ಭಾವನದು. ಆತುರದಲ್ಲಿ ಮೊದಲು ಬೇರೆ ಯಾವುದೋ ಫೋಟೋ ಹೋಗಿಬಿಟ್ಟಿತು. ಅದು ಸುಟ್ಟುಹೋದ ಮೋಟಾರಿನ ತಂತಿಸುರುಳಿ. ಅವರು ಅಳಿಸುವಷ್ಟರಲ್ಲಿ ಮೇಷ್ಟ್ರು ‘ಗೂಬೆ, ನಿದ್ದೆಯಲ್ಲಿದೆ’ ಎಂದು ಉತ್ತರಿಸಿಯಾಗಿತ್ತು. ಇವತ್ತಿಗೂ ಯಾರಾದರೂ ಗೂಬೆ ಎಂದರೆ ಮೇಷ್ಟ್ರು ಮಾತು ಬದಲಾಯಿಸುತ್ತಾರೆ.

ಆಮೇಲೆ ಬಂತು ಆ ಫೋಟೋ.

ಬಹಳ ಎತ್ತರದಿಂದ ಕೆಳಗೆ ನೋಡಿದ ನೋಟ. ಉಗುರಗಲದ ಕಾರುಗಳು, ಅವುಗಳ ನಡುವಿನ ಬಿಳಿ ಗೆರೆಗಳು. ಕಾರುಗಳಿಗೂ ನಮಗೂ ನಡುವೆ, ಗಾಳಿಯಲ್ಲಿ, ಬೂದು ಬಣ್ಣದ ಒಂದು ಹನಿ. ತಲೆಯ ಕಡೆ ದಪ್ಪ, ಹಿಂದೆ ಚೂಪು. ರೆಕ್ಕೆ ಇಲ್ಲ, ಕಾಲಿಲ್ಲ, ಕೊಕ್ಕು ಕಾಣದು. ಹಕ್ಕಿಗಳನ್ನು ಕೆಳಗಿನಿಂದ ನೋಡಿಯೇ ಅಭ್ಯಾಸವಾದ ನಮಗೆ ಮೇಲಿನಿಂದ ನೋಡುವುದೇ ಹೊಸದು.

ಗುಂಪು ಹುಚ್ಚೆದ್ದುಹೋಯಿತು. ಬೇಕರಿಯಕ್ಕ ಪಾರಿವಾಳ ಎಂದರು. ನಾನು ಕಾಗೆ ಎಂದೆ. ಮೇಷ್ಟ್ರು ತೇಲುತ್ತಿರುವ ಹದ್ದು ಎಂದು ಬರೆದು, ರೆಕ್ಕೆಗಳು ಎಲ್ಲಿ ಹೋದವೆಂಬುದಕ್ಕೆ ಉದ್ದನೆಯ ವಿವರಣೆ ಕೊಟ್ಟರು. ಯಾರೋ ‘ಮಹಡಿಯಿಂದ ಬಿದ್ದ ಕಾಲುಚೀಲ’ ಎಂದರು. ಯಾವುದಕ್ಕೂ ಭಾವ ಹಸಿರು ಗುರುತೂ ಹಾಕಲಿಲ್ಲ, ಕೆಂಪು ಗುರುತೂ ಹಾಕಲಿಲ್ಲ. ಮಧ್ಯಾಹ್ನ ಕಳೆಯಿತು. ಸಂಜೆ ಎಲ್ಲರೂ ಬೇಕರಿಯ ಮುಂದೆ ಸೇರಿ, “ಉತ್ತರ ಹೇಳಿ ಭಾವ, ಸಾಯಿಸಬೇಡಿ!” ಎಂದು ಮುತ್ತಿಗೆ ಹಾಕಿದರು. ನಾನಂತೂ ಉಗುರು ಕಚ್ಚಿ ಮುಗಿಸಿದ್ದೆ.

ಭಾವ ಬೆಂಚಿನ ತುದಿಯಲ್ಲಿ ಕೂತು ಮೊಣಕಾಲು ನೋಡಿಕೊಂಡರು.

“ಗೊತ್ತಿಲ್ಲ” ಎಂದರು.

ನಾನು ಕಿವಿ ಉಜ್ಜಿಕೊಂಡೆ. ಪಕ್ಕದಲ್ಲಿದ್ದ ಅಕ್ಕ ನನ್ನ ತೋಳು ಹಿಡಿದುಕೊಂಡಳು. ಮದುವೆಯಾದಂದಿನಿಂದ ಆ ಮಾತನ್ನು ಅವಳು ಕೇಳಿರಲಿಲ್ಲ.

“ಗೊತ್ತಿಲ್ಲ ಅಂದ್ರೆ?” ಮೇಷ್ಟ್ರು ಎದ್ದು ನಿಂತರು. “ಉತ್ತರ ಗೊತ್ತಿಲ್ಲದೆ ಪ್ರಶ್ನೆ ಕೇಳೋದಾ? ಇದು ಯಾವ ಆಟ ಸ್ವಾಮಿ?”

“ಗೊತ್ತಿದ್ರೆ ಯಾಕೆ ಕೇಳ್ತಿದ್ದೆ ಮೇಷ್ಟ್ರೇ? ಗೊತ್ತಿಲ್ಲ ಅಂತಾನೇ ಇಷ್ಟು ದಿನ ಗೆಲ್ಲೋಕೆ ಒದ್ದಾಡಿದ್ದು. ಗೆಲ್ಲದೆ ಕೇಳೋ ಹಾಗಿಲ್ಲ ಅಂತ ನೀವೇ ತಾನೇ ನಿಯಮ ಮಾಡಿದ್ದು?”

ಮೇಷ್ಟ್ರು ಕೂತುಬಿಟ್ಟರು. ಭಾವ ಹೇಳಿದರು. ಕಟ್ಟಡದ ಗೋಡೆಯಂಚಿನಲ್ಲಿ ಬಿದ್ದ ಬಿರುಕನ್ನು ಕಂಪನಿಗೆ ತೋರಿಸಲೆಂದು ಮೋಟಾರು ಕೋಣೆಯ ಕಿಟಕಿಯಿಂದ ಫೋಟೋ ತೆಗೆಯುತ್ತಿದ್ದಾಗ ಮೇಲಿನಿಂದ ಏನೋ ಅವರ ಮುಖದ ಮುಂದೆಯೇ ಕೆಳಕ್ಕೆ ಹೋಯಿತು. ರೆಕ್ಕೆ ಮಡಚಿದ ಹಕ್ಕಿ ಎಂದು ಮಾತ್ರ ತಿಳಿಯಿತು. ಮುಂದಿನದು ಗೋಡೆಯಂಚಿಗೆ ಮರೆಯಾಗಿ ಕಾಣಲಿಲ್ಲ. ಆಮೇಲೂ ಎಷ್ಟೋ ದಿನ ಬೆಳಿಗ್ಗೆ ಹಾಗೆಯೇ ಆಯಿತು. ಪ್ರತಿ ಸಲವೂ ಭಾವ ಕೈಯಲ್ಲಿದ್ದ ಕೆಲಸ ಬಿಟ್ಟು ಕೆಳಗೋಡಿ, ನೆಲದ ಮೇಲೆ ಮಲಗಿ, ಒಂದೊಂದು ಕಾರಿನ ಕೆಳಗೂ ನೋಡಿದ್ದಾರೆ. ಸತ್ತ ಹಕ್ಕಿ ಸಿಗಲಿಲ್ಲ. ಕಾವಲುಗಾರ ಇವರನ್ನು ಕಳ್ಳನೆಂದು ಅನುಮಾನಿಸಿದ.

“ಅಷ್ಟು ಎತ್ತರದಿಂದ ಒಂದು ಜೀವ ಬೀಳೋದನ್ನ ನೋಡಿ ಸುಮ್ಮನಿರೋಕೆ ಆಗಲ್ಲ ನಂಗೆ. ನಮ್ಮ ಕೆಲಸದಲ್ಲಿ ಬೀಳೋದು ಅಂದ್ರೆ... ಆ ಯೋಚನೆ ಹೊತ್ತುಕೊಂಡೇ ದಿನಾ ಮೇಲೆ ಹತ್ತೋದು. ಈ ಹಕ್ಕಿಗಳಿಗೆ ಏನಾಗ್ತಿದೆ? ಕಾಯಿಲೆನಾ? ಗಾಜಿಗೆ ಹೊಡ್ಕೊಳ್ತಿವೆಯಾ? ಮಂಗಳವಾರ ಕೋಣೆ ಒಡೀತಾರೆ. ಆಮೇಲೆ ಯಾರು ನೋಡ್ತಾರೆ?”

ಯಾರೂ ನಗಲಿಲ್ಲ. ಬೇಕರಿಯಕ್ಕ ಹಿಟ್ಟಿನ ಕೈ ಕೊಡವಿಕೊಂಡು ಕೇಳಿದರು. “ಬೆಳಿಗ್ಗೆ ಎಷ್ಟು ಹೊತ್ತಿಗೆ ಬರುತ್ತೆ ಅದು?”

ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ನಾವೆಲ್ಲ ಆ ಕಟ್ಟಡದ ಬಾಗಿಲಲ್ಲಿದ್ದೆವು. ಲಿಫ್ಟಿನ ಡಬ್ಬಿಯನ್ನು ಆಗಲೇ ಬಿಚ್ಚಿ ಹಾಕಿದ್ದರು. “ಲಿಫ್ಟ್ ಮೆಕ್ಯಾನಿಕ್ ಜೊತೆ ಬಂದು ಮೆಟ್ಟಿಲು ಹತ್ತೋ ಹಣೆಬರಹ ನೋಡು!” ಎಂದು ಬೇಕರಿಯಕ್ಕ ಪ್ರತಿ ತಿರುವಿನಲ್ಲೂ ನಿಂತು ಏದುಸಿರು ಬಿಟ್ಟರು. ಮೇಷ್ಟ್ರು ಬೈನಾಕ್ಯುಲರ್ ಕುತ್ತಿಗೆಗೆ ಹಾಕಿಕೊಂಡು, ಮಂಡಿ ನೋವನ್ನು ಯಾರಿಗೂ ತೋರಿಸದೆ ಹತ್ತಿದರು. ಅಕ್ಕ ಚಹಾದ ಫ್ಲಾಸ್ಕ್ ಹೊತ್ತು ಕೊನೆಯಲ್ಲಿ ಬಂದಳು. ಕಬ್ಬಿಣದ ಏಣಿ, ಆಮೇಲೆ ಆ ಕೋಣೆ. ಗ್ರೀಸಿನ ವಾಸನೆ, ಹಸಿರು ಬಣ್ಣದ ದೊಡ್ಡ ಮೋಟಾರು, ಉಕ್ಕಿನ ಹಗ್ಗಗಳು ಸವೆಸಿದ ಗಾಲಿ. ಎಲ್ಲವನ್ನೂ ಒರೆಸಿ ಫಳಫಳ ಇಟ್ಟಿದ್ದರು ಭಾವ. ನಾಳೆ ಒಡೆಯುವ ಕೋಣೆಯನ್ನು ಯಾರಾದರೂ ಗುಡಿಸುತ್ತಾರೆಯೇ?

ಕಿಟಕಿಯಿಂದ ಗೋಡೆಯಂಚು ಅಡ್ಡ ಬರುತ್ತಿದ್ದುದರಿಂದ ಎಲ್ಲರೂ ತಾರಸಿಯ ಕಟಕಟೆಗೆ ಹೋಗಿ ಬಗ್ಗಿ ನಿಂತೆವು. ಎದುರಿನ ಕಟ್ಟಡದಲ್ಲಿ ಪಾರಿವಾಳಗಳು ಸಾಲಾಗಿ ಕೂತಿದ್ದವು. ಕೆಳಗೆ ಕಾರುಗಳು ಬಂದು ಸೇರುತ್ತಿದ್ದವು. ಕಾದೆವು. ಚಹಾ ಮುಗಿಯಿತು. “ಹಕ್ಕಿ ಇವತ್ತೇ ರಜಾ ಹಾಕ್ತೋ ಏನೋ” ಎಂದು ಅಕ್ಕ ಗೊಣಗಿದಳು. ಅಷ್ಟರಲ್ಲಿ ಪಾರಿವಾಳಗಳು ಒಮ್ಮೆಲೇ ಬಡಬಡ ಎದ್ದವು.

“ಬಂತು!” ಭಾವ ಕೂಗಿದರು.

ನಮ್ಮ ತಲೆಯ ಮೇಲಿನ ಆಂಟೆನಾ ಕಂಬದಿಂದ ಹೊರಟ ಅದು, ಎರಡು ಬಡಿತ ಬಡಿದು, ರೆಕ್ಕೆಗಳನ್ನು ಮೈಗೆ ಒತ್ತಿ ತಲೆಕೆಳಗಾಗಿ ಹೊರಟಿತು. ಫೋಟೋದಲ್ಲಿದ್ದ ಅದೇ ಬೂದು ಹನಿ! ಗಾಳಿ ಸೀಳುವ ಸದ್ದು ಕಿವಿಗೆ ಬಡಿಯಿತು. ಬೇಕರಿಯಕ್ಕ ಚೀರಿದರು. ಭಾವ ಹಿಡಿಯುವವರ ಹಾಗೆ ಕೈಯನ್ನು ಗಾಳಿಗೆ ಚಾಚಿಬಿಟ್ಟರು, ಅಕ್ಕ ಅವರ ಅಂಗಿ ಎಳೆದು ಹಿಡಿದಳು. ನೆಲ ಬಂತು, ಕಾರುಗಳ ನೆತ್ತಿ ಬಂತು, ಮುಗಿಯಿತು ಎಂದುಕೊಂಡೆ. ಅಲ್ಲಿ, ಕಾರುಗಳನ್ನು ಇನ್ನೇನು ಮುಟ್ಟಿತು ಎನ್ನುವಾಗ, ರೆಕ್ಕೆ ಬಿಚ್ಚಿತು! ಬಿಲ್ಲಿನಂತೆ ಬಾಗಿದ, ಚೂಪು ತುದಿಯ ಎರಡು ರೆಕ್ಕೆಗಳು! ಪಾರಿವಾಳವೊಂದು ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಮರದೊಳಗೆ ನುಗ್ಗಿತು. ಎರಗಿದ ಹಕ್ಕಿ ಮಾತ್ರ ಅದೇ ವೇಗದಲ್ಲಿ ಸುತ್ತು ಹೊಡೆದು ಮೇಲೇರಿ ಬಂದು, ನಮಗಿಂತ ಸ್ವಲ್ಪ ಕೆಳಗಿನ ಅಂಚಿನಲ್ಲಿ ಕೂತು, ಏನೂ ಆಗಿಲ್ಲವೆಂಬಂತೆ ಮೈ ಕೊಡವಿಕೊಂಡಿತು.

“ಚಾಣ!” ಮೇಷ್ಟ್ರು ಮಗುವಿನ ಹಾಗೆ ಎಗರಿದರು, ಟೊಪ್ಪಿಗೆ ಹಾರಿ ಕೆಳಗೆ ಹೋಯಿತು. “ಚಾಣ ಕಣ್ರೀ! ಬೇಟೆ ಆಡ್ತಿದೆ! ಹೀಗೆ ಎರಗಿಯೇ ಅದು ಹಕ್ಕಿ ಹಿಡಿಯೋದು! ನಾನು ಪುಸ್ತಕದಲ್ಲಿ ಮಾತ್ರ ನೋಡಿದ್ದೆ. ಭಾವ, ನೀವು ದಿನಾ ನೋಡಿದ್ದೀರಿ! ದಿನಾ!”

ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದೆವು. ಬೇಕರಿಯಕ್ಕ ಅಕ್ಕನನ್ನು ತಬ್ಬಿಕೊಂಡಿದ್ದರು. ಭಾವ ಒಬ್ಬರೇ ಆ ಹಕ್ಕಿಯನ್ನು ನೋಡುತ್ತಾ ನಿಂತಿದ್ದರು. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ಕಿವಿಯವರೆಗೆ ನಗುತ್ತಿತ್ತು.

“ಕಾರಿನ ಕೆಳಗೆಲ್ಲ ತೆವಳಿ ಹುಡುಕಿದೆನಲ್ಲೇ ಇದನ್ನ” ಎಂದರು ನನ್ನ ಕಡೆ ತಿರುಗಿ. “ಇದು ಬಿದ್ದೇ ಇರಲಿಲ್ಲ ಕಣೇ. ಒಂದು ಸಲನೂ ಬಿದ್ದಿರಲಿಲ್ಲ.”

ಮೆಟ್ಟಿಲಿಳಿಯುವಾಗ ಪ್ರತಿ ಅಂತಸ್ತಿನಲ್ಲೂ ನಿಂತು ಒಬ್ಬೊಬ್ಬರಿಗೂ ಅದನ್ನೇ ಹೇಳಿದರು. ಕೆಳಗೆ ಕಾವಲುಗಾರನಿಗೂ ಹೇಳಿದರು. ಯಾರೂ ಸಾಕು ಎನ್ನಲಿಲ್ಲ.